ಬಟ್ಟೆ ಒಣಹಾಕಬಾರದ ಕೋಣೆ

ಅವರ ಮನೆಗೆ ಹೋದವರು ಚಪ್ಪಲಿಯನ್ನು ಎರಡು ಸಲ ಬಿಡಬೇಕಿತ್ತು. ಜಗಲಿಯ ಕೆಳಗೆ ಒಂದು ಸಲ, ಎಲ್ಲರ ಮನೆಯಲ್ಲಿ ಬಿಡುವ ಹಾಗೆ. ಆಮೇಲೆ ನಡುಮನೆಯ ಪಕ್ಕದ ಕೋಣೆಯ ಬಾಗಿಲಲ್ಲಿ, ಮನೆಯೊಳಗೆ ಹಾಕಿಕೊಳ್ಳಲೆಂದು ಅವರೇ ಕೊಟ್ಟ ಹವಾಯಿ ಚಪ್ಪಲಿಯನ್ನು ಇನ್ನೊಂದು ಸಲ. ಒಳಗಿರುವುದು ದೇವರ ಕೋಣೆ ಎಂದುಕೊಂಡು ಮೊದಲ ದಿನ ನಾನು ಕೈ ಮುಗಿದುಕೊಂಡೇ ಹೋಗಿದ್ದೆ. ನೋಡಿದರೆ ಒಂದು ಉಕ್ಕಿನ ಮೇಜು, ಬೆಲ್ಟ್ ಹಾಕಿದ ಒಂದು ಮೋಟರು, ಒಳಗಡೆ ಹಗಲೂ ರಾತ್ರಿ ಬಲ್ಬು ಉರಿಯುವ ಒಂದು ಮರದ ಬೀರು.

"ಕೈ ಮುಗ್ದಿದ್ದು ಒಳ್ಳೇದೇ ಆಯ್ತು. ಹಂಗೇ ಇಟ್ಕಳಿ. ಏನೂ ಮುಟ್ಟಕಾಗಲ್ಲ" ಎಂದರು.

ಕುಶಾಲನಗರದ ಸುತ್ತಮುತ್ತ ಯಂತ್ರ ಇಟ್ಟುಕೊಂಡು ಬದುಕುವವರೆಲ್ಲ ಅವರನ್ನು ಸ್ಪಿಂಡಲ್ ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಗೊತ್ತಿದ್ದವರು ಕಡಿಮೆ. ಗೊತ್ತಿರುವ ನಾನೂ ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತಾಡಿದರೆ "ಈಗ ಏನು ಬೇಕಾಗಿತ್ತು?" ಎಂದು ಕೇಳುವ ಹೆಂಗಸು ಅವರು. ಈ ಮಳೆಗಾಲದಲ್ಲಿ ತೀರಿಕೊಂಡರು. ಇನ್ನು ಬೈಯುವವರಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅವರ ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಹಾರಂಗಿ ನಾಲೆಯ ಕೆಳಗೆ ಜಮೀನು ಮಾಡಿದವರು. ಅಕ್ಕ ಚಿಕ್ಕ ವಯಸ್ಸಿಗೇ ಬೆಂಗಳೂರಿನ ಒಂದು ಯಂತ್ರ ಕಾರ್ಖಾನೆ ಸೇರಿ, ಸ್ಪಿಂಡಲ್ ಜೋಡಿಸುವ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದರು. ಗಂಡ ತೀರಿಕೊಂಡರು, ಆಮೇಲೆ ಆ ವಿಭಾಗವೂ ಮುಚ್ಚಿತು. ಊರಿಗೆ ಬಂದಾಗ ಅಪ್ಪನ ಮನೆಯಲ್ಲಿ ತಂಗಿ ಜಯಮ್ಮ ಗದ್ದೆ, ಶುಂಠಿ, ಹಸು ನೋಡಿಕೊಂಡು ಯಜಮಾನಿಕೆ ಮಾಡುತ್ತಿದ್ದರು. ಅಕ್ಕ ಬಂದವರೇ ಭತ್ತದ ಮೂಟೆ ಇಡುವ ಕೋಣೆಯನ್ನು ಖಾಲಿ ಮಾಡಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಕಿಟಕಿಗೆ ರಬ್ಬರ್ ಪಟ್ಟಿ ಬಡಿಸಿ, ಥಂಡಿ ತೆಗೆಯಲು ಹೀಟರ್ ಇಡಿಸಿದರು. ಜಯಮ್ಮನ ಭತ್ತ ಜಗಲಿಗೆ ಬಂತು.

ಭತ್ತದ ವಿಷಯವನ್ನು ಜಯಮ್ಮ ಕ್ಷಮಿಸಿದ್ದರೇನೋ. ಬಟ್ಟೆಯದನ್ನು ಕ್ಷಮಿಸಲಿಲ್ಲ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಭಾಗಮಂಡಲದಷ್ಟು ಸುರಿಯದಿದ್ದರೂ ಬಟ್ಟೆ ಒಣಗದಿರಲು ಬೇಕಾದಷ್ಟು ಸುರಿಯುತ್ತದೆ. ಒಲೆಯ ಮೇಲೆ, ಕುರ್ಚಿಯ ಬೆನ್ನಿಗೆ, ಕಿಟಕಿಯ ಸರಳಿಗೆ ಎಲ್ಲೆಲ್ಲಿ ಹರವಿದರೂ ಒಂದು ಮುಗ್ಗಲು ವಾಸನೆ. ಅಂಥ ಮನೆಯಲ್ಲಿ ಬೆಚ್ಚಗೆ, ಒಣಗಿಕೊಂಡಿರುವ ಜಾಗ ಒಂದೇ ಒಂದು. ಅಲ್ಲಿ ಒಂದು ಕರ್ಚೀಫು ಒಣಹಾಕಲೂ ಅಪ್ಪಣೆಯಿಲ್ಲ.

"ನಾವು ಒದ್ದೆ ಸೀರೆ ಉಟ್ಕಂಡು ತಿರುಗ್ಬೇಕು, ಬೀರುವಲ್ಲಿರೋ ಆ ಬೇರಿಂಗ್ ಗುಂಡುಗಳು ಬೆಚ್ಚಗೆ ಮಲಗಿರ್ಬೇಕು. ಯಾವ ಜನ್ಮದ ಮಕ್ಕಳೋ ಅವು" ಎಂದು ಜಯಮ್ಮ ಬಂದವರೆದುರೆಲ್ಲ ಹೇಳುವರು. ಅಕ್ಕ ತಿರುಗಿ ನೋಡದೆ, "ಸೀರೇಲಿ ನೀರಷ್ಟೇ ಅಲ್ಲ, ನೂಲಿರ್ತದೆ. ಒಂದು ಎಳೆ ಹೋಗಿ ಬೇರಿಂಗಲ್ಲಿ ಕೂತ್ರೆ ನಿನ್ನ ಶುಂಠಿ ಮಾರಿದ್ರೂ ಸರಿಯಾಗಲ್ಲ" ಎನ್ನುವರು. ಜಯಮ್ಮ ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ ಎಂದು ಶಪಥ ಮಾಡಿಬಿಟ್ಟಿದ್ದರು. ಟೀ ತಂದರೆ ಹೊಸ್ತಿಲ ಈಚೆಯಲ್ಲೇ ಲೋಟ ಕುಕ್ಕಿ ಹೋಗುವರು. ಹೌದು, ಟೀ. ಕಾಫಿ ನಾಡಿನಲ್ಲಿ ಕೂತು ದಿನವಿಡೀ ಟೀ ಕುಡಿಯುತ್ತಿದ್ದ ಮಹಾರಾಯಗಿತ್ತಿ ನಮ್ಮ ಅಕ್ಕ.

ಯಂತ್ರದ ಸಹವಾಸ ಇಲ್ಲದವರಿಗಾಗಿ ಎರಡು ಮಾತು. ಲೋಹ ಕೊರೆಯುವ ಯಂತ್ರದಲ್ಲಿ ಕತ್ತರಿಸುವ ಟೂಲನ್ನು ಹಿಡಿದು ತಿರುಗಿಸುವ ದಂಡವೇ ಸ್ಪಿಂಡಲ್. ಅದು ಕೂದಲೆಳೆಯ ಒಂದು ಪಾಲಿನಷ್ಟು ಓಲಾಡಿದರೂ ಮಾಡಿದ ವಸ್ತು ಗುಜರಿಗೆ. ಅದನ್ನು ಓಲಾಡದಂತೆ ಹಿಡಿಯುವುದು ಒಳಗಿನ ಬೇರಿಂಗುಗಳು. ಇವುಗಳಲ್ಲಿ ಗುಂಡುಗಳು ಓರೆಯಾಗಿ ಭಾರ ಹೊರುತ್ತವೆ, ಹಾಗಾಗಿ ಒಂದೇ ಒಂದು ಇದ್ದರೆ ಒಂದೇ ಕಡೆಯ ಒತ್ತಡ ತಡೆಯುತ್ತದೆ. ಅಕ್ಕ ನನಗೆ ವಿವರಿಸಿದ್ದು ಹೀಗೆ: "ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರ್ಸಬೇಕು. ಒಂದು ಈ ಕಡೆ ತಳ್ತದೆ, ಇನ್ನೊಂದು ಆ ಕಡೆ. ಜಾಸ್ತಿ ಬಿಗಿದ್ರೆ ಬೇಯ್ತವೆ, ಸಡ್ಲ ಬಿಟ್ರೆ ಕುಣೀತವೆ. ನಾನೂ ಜಯನೂ ಇದ್ದಂಗೆ ಅಂತಿಟ್ಕಳಿ." ಅಡುಗೆಮನೆಯಿಂದ ಒಂದು ಪಾತ್ರೆ ಜೋರಾಗಿ ಕೆಳಗೆ ಬಿದ್ದ ಸದ್ದು ಕೇಳಿಸಿತು.

ನಾನು ಅವರ ಹತ್ತಿರ ಹೋಗಿದ್ದು ನನ್ನ ಏಕೈಕ ಯಂತ್ರ ಬಾಯಿಬಡಿದುಕೊಳ್ಳಲು ಶುರುಮಾಡಿದಾಗ. ಕೈಗಾರಿಕಾ ಬಡಾವಣೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳಿಗೆ, ಔಷಧಿ ಹೊಡೆಯುವ ಪಂಪುಗಳಿಗೆ ಬಿಡಿಭಾಗ ಮಾಡುತ್ತೇವೆ. ನನ್ನ ಮೆಕ್ಯಾನಿಕ್ ದೇವಯ್ಯ ಭಾಗಮಂಡಲದ ಕಡೆಯವನು, ಗೋಣಿಕೊಪ್ಪಲಿನ ಸುತ್ತಲ ಎಸ್ಟೇಟುಗಳಲ್ಲಿ ಪಲ್ಪರ್ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು. ಸ್ಪಿಂಡಲ್‌ನಲ್ಲಿ ಸಣ್ಣಗೆ ಏನೋ ಸದ್ದು ಬರುತ್ತಿದೆ ಎಂದು ಅವನು ಮುಚ್ಚಳ ತೆಗೆದು ಗ್ರೀಸ್ ಹಾಕಿದ. ಮರುದಿನ ಸದ್ದು ದೊಡ್ಡದಾಯಿತು. ಮಧ್ಯಾಹ್ನದ ಹೊತ್ತಿಗೆ ಯಂತ್ರದ ಮೂತಿ ಮುಟ್ಟಲಾಗದಷ್ಟು ಕಾದಿತ್ತು.

ನಾವು ಕಳಚಿ ಹೊತ್ತುಕೊಂಡು ಹೋದ ಸ್ಪಿಂಡಲನ್ನು ಬಿಚ್ಚಿ ನೋಡಿದ ಅಕ್ಕ ಮೊದಲು ನಕ್ಕರು.

"ಯಾರಪ್ಪ ಗ್ರೀಸ್ ತುಂಬಿದ್ದು? ಒಬ್ಬಟ್ಟಿಗೆ ಹೂರಣ ತುಂಬ್ದಂಗೆ ತುಂಬವ್ನೆ!"

ದೇವಯ್ಯ ನೆಲ ನೋಡಿದ. "ಎಂತ ಮಾಡೋದು ಅಕ್ಕ, ನಾನೇ. ಜಾಸ್ತಿ ಇದ್ರೆ ಒಳ್ಳೇದಲ್ವಾ ಅಂತ..."

"ಪಲ್ಪರ್ ಮನೇಲಿ ಇದ್ದೋನಾ ನೀನು?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಕೈ ಹೇಳ್ತದೆ. ಅಲ್ಲಿ ನೀರು ನುಗ್ಗಬಾರ್ದು ಅಂತ ತುಂಬ್ತೀರ. ಅಲ್ಲಿ ಅದು ಸರಿ ಕಣಪ್ಪ, ನಿಧಾನ ತಿರುಗೋ ಯಂತ್ರ. ಇದು ನಿಮಿಷಕ್ಕೆ ಸಾವಿರಗಟ್ಲೆ ಸುತ್ತು ತಿರುಗ್ತದೆ. ತುಂಬಿದ ಗ್ರೀಸನ್ನ ಕಡ್ದೂ ಕಡ್ದೂ ತಾನೇ ಬಿಸಿಯಾಗಿ ಸುಟ್ಟೋಗ್ತದೆ. ಬಾ ಇಲ್ಲಿ, ಎಷ್ಟು ಹಾಕ್ಬೇಕು ಅಂತ ತೋರಿಸ್ತೀನಿ. ಚಪ್ಪಲಿ!"

ನನಗೆ ದೇವಯ್ಯನ ಮೇಲೆ ವಿಪರೀತ ಸಿಟ್ಟಿತ್ತು. ಅಕ್ಕನಿಗೆ ಮಾತ್ರ ಅವನು ಅಲ್ಲಿಯೇ ಇಷ್ಟವಾಗಿಬಿಟ್ಟ. ಸುಳ್ಳು ಹೇಳದೆ "ನಾನೇ" ಅಂದನಲ್ಲ, ಅದಕ್ಕೆ ಎಂದು ಆಮೇಲೆ ಹೇಳಿದರು. ಆವತ್ತಿನಿಂದ ಭಾನುವಾರ ಬಂತೆಂದರೆ ದೇವಯ್ಯ ನಾಲೆ ದಾರಿ ಹಿಡಿಯುತ್ತಿದ್ದ. ಹೊಸ ಬೇರಿಂಗಿನ ಪೊಟ್ಟಣವನ್ನು ಕೂರಿಸುವ ಗಳಿಗೆಯವರೆಗೆ ಒಡೆಯಬಾರದು, ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಗುರುತು ತುಕ್ಕಾಗುತ್ತದೆ, ಸುತ್ತಿಗೆ ಎಂಬ ವಸ್ತುವನ್ನು ಆ ಕೋಣೆಯೊಳಗೆ ತರಲೇಬಾರದು. ಇಂಥವನ್ನೆಲ್ಲ ಕಲಿತು ಬಂದು ಸೋಮವಾರ ನನ್ನ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಉಪದೇಶ ಮಾಡುವನು. ಕೊನೆಗೆ ಒಂದು ದಿನ ಬಂದು ತಲೆ ಕೆರೆದುಕೊಂಡು ನಿಂತ. ಅಕ್ಕ ನನ್ನ ಮೆಕ್ಯಾನಿಕ್ಕನ್ನು ಹಾರಿಸಿಕೊಂಡು ಹೋಗಿದ್ದರು.

ಜೋಡಿಸಿದ ಸ್ಪಿಂಡಲನ್ನು ಅವರು ತಕ್ಷಣ ಕೊಡುತ್ತಿರಲಿಲ್ಲ. ಮೇಜಿನ ಮೇಲೆ ಕಟ್ಟಿ, ಮೊದಲು ತೀರಾ ನಿಧಾನವಾಗಿ ತಿರುಗಿಸಿ, ಗ್ರೀಸ್ ಹರಡಿಕೊಳ್ಳಲು ಬಿಟ್ಟು, ಬಿಸಿ ನೋಡಿ, ಒಂದಿಷ್ಟು ವೇಗ ಏರಿಸಿ, ಮತ್ತೆ ಬಿಸಿ ನೋಡಿ... ಹೀಗೆ ಪೂರ್ತಿ ವೇಗದವರೆಗೆ ಕರೆದೊಯ್ಯುವರು. ಇದಕ್ಕೆ ಅವರ ಮಾತು 'ಎಬ್ಬಿಸುವುದು'. ಬಿಸಿ ನೋಡಲು ಥರ್ಮಾಮೀಟರ್ ಅಂಟಿಸಿರುತ್ತಿದ್ದರು; ಜೊತೆಗೆ ಬಲಗೈಯ ಅಂಗೈಯನ್ನೂ ಅದರ ಮೈಮೇಲೆ ಇಟ್ಟು ಕೂರುವರು. "ಥರ್ಮಾಮೀಟರ್ ಬಂದಿರೋ ಬಿಸಿ ಹೇಳ್ತದೆ. ಕೈ ಬರ್ತಿರೋ ಬಿಸಿ ಹೇಳ್ತದೆ."

ನಡುವೆ ಕರೆಂಟು ಹೋಯಿತೋ, ಮುಗಿಯಿತು. ಕರೆಂಟು ಬಂದ ಮೇಲೆ ಮೊದಲಿನಿಂದ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಬಹುದಲ್ಲ ಅಕ್ಕ ಎಂದು ನಾನೊಮ್ಮೆ ವಾದ ಹೂಡಿದೆ. "ತಣ್ಣಗಾದ್ಮೇಲೆ ಅದು ಹೊಸ ಸ್ಪಿಂಡಲ್ಲೇ" ಎಂದರು. ನಮ್ಮ ಊರಿನ ಕರೆಂಟಿನ ಯೋಗ್ಯತೆ ಗೊತ್ತಿದ್ದ ನಾನು ಮದುವೆ ಮನೆಗೆ ಕೊಡುವ ಜನರೇಟರನ್ನು ಬಾಡಿಗೆಗೆ ತಂದು ಅಂಗಳದಲ್ಲಿ ಇಳಿಸಿದೆ. ಅದರ ಸದ್ದಿಗೆ ಸ್ಪಿಂಡಲ್‌ನ ಸದ್ದು ಕೇಳಿಸುವುದಿಲ್ಲವೆಂದು ವಾಪಸ್ಸು ಕಳಿಸಿದರು. ಗಾಡಿ ಹಿಡಿದು ಪುನಃ ಏರಿಸಲು ನಾನು ಪಟ್ಟ ಪಾಡನ್ನು ನೋಡಿ ಜಯಮ್ಮ ಆವತ್ತು ಮನಸಾರೆ ನಕ್ಕಿದ್ದರು.

ಆಮೇಲೆ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ, ಅಕ್ಕನಿಗೆ ಲಕ್ವ ಹೊಡೆಯಿತು.

ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲು ಎಳೆದುಕೊಂಡು ನಡೆಯುತ್ತಿದ್ದರು, ಮಾತು ಸ್ವಲ್ಪ ತೊದಲುತ್ತಿತ್ತು. ಅದಕ್ಕೆಲ್ಲ ಅವರು ಕೊರಗಲಿಲ್ಲ. ಕೊರಗಿದ್ದು ಬಲಗೈಗಾಗಿ. ಅದು ಆಡುತ್ತಿತ್ತು, ಆದರೆ ಅಂಗೈಗೆ ಏನೂ ತಿಳಿಯುತ್ತಿರಲಿಲ್ಲ. ನಾನು ನೋಡಲು ಹೋದಾಗ ನಡುಮನೆಯ ಮೇಜಿನ ಮೇಲೆ ಸಾಲಾಗಿ ಸ್ಟೀಲ್ ಲೋಟಗಳು. ಒಂದೊಂದರಲ್ಲಿ ಒಂದೊಂದು ಹದದ ಬಿಸಿನೀರು. ಎಡಗೈಯಿಂದ ಮುಟ್ಟಿ ಇಷ್ಟು ಬಿಸಿ ಎನ್ನುವುದು, ಥರ್ಮಾಮೀಟರ್ ಅದ್ದಿ ನೋಡುವುದು, ತಪ್ಪಾದರೆ ಲೋಟಗಳನ್ನು ಬದಲಾಯಿಸಿಡಲು ಜಯಮ್ಮನಿಗೆ ಹೇಳುವುದು. ಜಯಮ್ಮ ಗೊಣಗದೆ ನೀರು ಕಾಯಿಸಿ ತರುತ್ತಿದ್ದರು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

"ಬಲಗೈ ಕಲಿತಿದ್ದನ್ನ ಎಡಗೈಗೆ ಹೇಳ್ಕೊಡ್ತಾ ಇದೀನಿ. ದಡ್ಡಿ, ನಿಧಾನಕ್ಕೆ ಕಲೀತಾಳೆ" ಎಂದರು ಅಕ್ಕ.

ಅರಕಲಗೂಡಿನ ನೆಂಟರು ಬಂದು, ಸಾಮಾನು ಮಾರಿಬಿಡಿ, ಕೋಣೆಗೆ ಬೀಗ ಹಾಕಿ ಆರಾಮವಾಗಿರಿ ಎಂದು ಹೇಳಿಹೋಗಿದ್ದರು. ಜಯಮ್ಮನೂ ಅದನ್ನೇ ಹೇಳುತ್ತಿದ್ದರು. ಅಕ್ಕ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. "ಒಂದೇ ಒಂದು ಸ್ಪಿಂಡಲ್ ಎಬ್ಬಿಸ್ತೀನಿ ಜಯ. ಸರಿಯಾಗಿ ಎದ್ರೆ ಕೋಣೆ ಇರ್ಲಿ. ಏಳ್ಲಿಲ್ಲ ಅಂದ್ರೆ ನಾನೇ ಬೀಗ ಹಾಕ್ತೀನಿ, ನೀನು ನಿನ್ನ ಬಟ್ಟೆ ಹರವ್ಕೋ."

ಆ ಒಂದು ಸ್ಪಿಂಡಲ್ ನನ್ನದೇ ಆಯಿತು. ಕಾಫಿ ಪಿಕಿಂಗ್ ಶುರುವಾಗುವ ಹೊತ್ತಿಗೆ ನನ್ನ ಯಂತ್ರದ ಟೂಲು ಲೋಹದ ತುಂಡನ್ನು ಕಚ್ಚಿ ಹಿಡಿಯುವ ವೈಸ್‌ಗೆ ದಡಕ್ಕನೆ ಬಡಿದು ಬೇರಿಂಗುಗಳು ಹಾಳಾದವು. ಹಣ್ಣು ಕಿತ್ತ ಮೇಲೆ ಆವತ್ತೇ ಸುಲಿಯಬೇಕು, ಇಟ್ಟರೆ ಹುಳಿಯುತ್ತದೆ. ಪಲ್ಪರ್ ಭಾಗಕ್ಕಾಗಿ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಿನಕ್ಕೆ ಹಲವು ಸಲ ಫೋನು ಮಾಡುತ್ತಿದ್ದ. ಬೆಂಗಳೂರಿಗೆ ಕಳಿಸಬಹುದಿತ್ತು. ಅಕ್ಕನ ಮುಖ ನೋಡಿ ನಾನು ಕಳಿಸಲಿಲ್ಲ.

ಕೆಲಸವನ್ನೆಲ್ಲ ದೇವಯ್ಯ ಮಾಡಿದ. ಬೇರಿಂಗಿನ ಬಳೆಗಳ ಮೇಲಿನ ಗುರುತುಗಳನ್ನು ಸಾಲಾಗಿ ಹೊಂದಿಸಿ, ಹದವಾಗಿ ಕಾಯಿಸಿ, ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ. ಹಿಂದಿನ ಮುಚ್ಚಳದ ಸ್ಕ್ರೂಗಳನ್ನು ಬಿಗಿಯುವಾಗ ಅಕ್ಕ ಕೈಚಾಚಿ ಸ್ಕ್ರೂ ತಿರುಗಿಸುವ ಕೀಲಿ ಇಸಿದುಕೊಂಡರು. ಎಡಗೈಯಲ್ಲಿ ಒಂದೊಂದನ್ನೂ ಬಿಗಿದರು. ಹಣೆಯಲ್ಲಿ ಬೆವರು ಮೂಡಿತ್ತು. ಮುಗಿಸಿ "ಆಯ್ತು" ಎಂದಾಗ ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಎಬ್ಬಿಸಲು ಶುರುಮಾಡಿದ ದಿನ ಕರೆಂಟು ಹೋಯಿತು. ಮೊದಲಿನಿಂದ. ಮರುದಿನವೂ ಹೋಯಿತು. ಮತ್ತೆ ಮೊದಲಿನಿಂದ. ಅದರ ಮರುದಿನ ಯಾವ ಪುಣ್ಯಾತ್ಮನ ದಯೆಯೋ, ಕರೆಂಟು ಹೋಗದೆ ನಿಂತಿತು. ವೇಗ ಒಂದೊಂದೇ ಮೆಟ್ಟಿಲು ಏರಿತು. ಅಕ್ಕ ಮುಂಭಾಗದಲ್ಲಿ ಎಡ ಅಂಗೈ ಇಟ್ಟು ಕೂತಿದ್ದರು, ದೇವಯ್ಯ ಹಿಂಭಾಗದಲ್ಲಿ. ಥರ್ಮಾಮೀಟರ್ ತೃಪ್ತಿಯಿಂದ ಇತ್ತು. ನನ್ನ ಜೇಬಿನಲ್ಲಿ ರೈಟರನ ಫೋನು ಗುರ್ರೆನ್ನುತ್ತಿತ್ತು.

"ಚೆನ್ನಾಗದೆ. ಕೊನೇದಕ್ಕೆ ಏರಿಸು" ಎಂದರು ಅಕ್ಕ.

ದೇವಯ್ಯ ಏರಿಸಲಿಲ್ಲ.

"ಏರಿಸೋ."

"ಬೇಡ ಅಕ್ಕ. ಹಿಂದೆ ಬಿಸಿ ಬರ್ತಾ ಉಟ್ಟು." ಗಾಬರಿಯಾದರೆ ದೇವಯ್ಯನ ಬಾಯಿಗೆ ಮನೆಯ ಅರೆಭಾಷೆ ಬಂದುಬಿಡುತ್ತದೆ, 'ಇದೆ' ಹೋಗಿ 'ಉಟ್ಟು' ಆಗುತ್ತದೆ.

ಅಕ್ಕ ಥರ್ಮಾಮೀಟರ್ ಕಿತ್ತು ಹಿಂದೆ ಅಂಟಿಸಿದರು. ಅಲ್ಲೂ ಅಂಥದ್ದೇನೂ ತೋರಿಸಲಿಲ್ಲ. ತಮ್ಮ ಎಡಗೈ ಇಟ್ಟು ನೋಡಿದರು. "ಏನೂ ಇಲ್ಲ. ಹೆದ್ರಬ್ಯಾಡ, ಏರಿಸು" ಎಂದರು. ದನಿಯಲ್ಲಿ ಬೇಡಿಕೊಂಡ ಹಾಗಿತ್ತು. ಆ ಕೋಣೆಯಲ್ಲಿ ಅವರು ಯಾರನ್ನೂ ಬೇಡಿಕೊಂಡದ್ದನ್ನು ನಾನು ಕೇಳಿರಲಿಲ್ಲ. ನನಗೆ ದೇವಯ್ಯನ ಕುತ್ತಿಗೆ ಹಿಡಿದು ಏರಿಸೋ ಎನ್ನಬೇಕೆನಿಸಿತು.

ಅವನು ಸ್ವಿಚ್ ಆರಿಸಿದ. "ನೀವೇ ಹೇಳಿದ್ದು ಅಕ್ಕ, ಬಂದದ್ದಲ್ಲ, ಬರ್ತಿರೋದು ಅಂತ. ಒಳಗೆ ಉಟ್ಟು."

ತಿರುಗುವುದು ನಿಂತ ಸ್ವಲ್ಪ ಹೊತ್ತಿಗೆ ಥರ್ಮಾಮೀಟರಿನ ಅಂಕಿ ಏರಲು ಶುರುವಾಯಿತು. ಏರುತ್ತಲೇ ಹೋಯಿತು. ಒಳಗಿದ್ದ ಬಿಸಿ ನಿಧಾನವಾಗಿ ಹೊರಗೆ ಬರುತ್ತಿತ್ತು.

ಬಿಚ್ಚಿದರು. ಹಿಂದಿನ ಮುಚ್ಚಳ ಒಂದು ಕಡೆ ಬಿಗಿದು ಇನ್ನೊಂದು ಕಡೆ ಬಿಟ್ಟುಕೊಂಡಿತ್ತು, ಅದರಿಂದ ಬೇರಿಂಗು ಓರೆಯಾಗಿ ಕೂತಿತ್ತು. ಅಕ್ಕನ ಎಡಗೈ ಬಿಗಿದ ಸ್ಕ್ರೂಗಳು. ಇನ್ನೂ ಒಂದು ಮೆಟ್ಟಿಲು ಏರಿಸಿದ್ದರೆ ಎಲ್ಲ ಸುಡುತ್ತಿತ್ತು. ಅಕ್ಕ ಆ ಸ್ಕ್ರೂಗಳನ್ನು ನೋಡುತ್ತಾ ಕೂತರು. ಹೊಸ್ತಿಲ ಈಚೆ ಜಯಮ್ಮ ಟೀ ಲೋಟ ಹಿಡಿದು ನಿಂತಿದ್ದರು, ಕುಕ್ಕಲಿಲ್ಲ. ಬೀಗ ಬಿತ್ತು ಎಂದೇ ನಾನು ತಿಳಿದೆ.

ಅಕ್ಕ ಬಲಗೈಯಿಂದ ದೇವಯ್ಯನ ಅಂಗೈಯನ್ನು ಹಿಡಿದು, ಮಗುಚಿ, ಬೆಳಕಿಗೆ ಒಡ್ಡಿ ನೋಡಿದರು. ಆ ಕೈಗೆ ಏನೂ ತಿಳಿಯುತ್ತಿರಲಿಲ್ಲ, ಆದರೂ ಹಿಡಿದೇ ಇದ್ದರು. ಅವರ ಕಣ್ಣಲ್ಲಿ ನೀರಿತ್ತು. ನಗುತ್ತಿದ್ದರು ಕೂಡ.

"ಸಿಕ್ತು ಕಣೆ ಜಯ, ಕೈ ಸಿಕ್ತು" ಎಂದರು. ಆಮೇಲೆ ಸ್ಕ್ರೂ ಕೀಲಿಯನ್ನು ದೇವಯ್ಯನ ಮುಂದೆ ತಳ್ಳಿ, "ಇನ್ನು ನಾನು ಮುಟ್ಟಲ್ಲ. ಮೊದಲಿಂದ ಮಾಡು" ಎಂದರು.

ಆ ಸಲ ನನ್ನ ಸ್ಪಿಂಡಲ್ ಎದ್ದಿತು. ಇವತ್ತಿಗೂ ತಿರುಗುತ್ತಿದೆ. ಕೋಣೆಗೆ ಬೀಗ ಬೀಳಲಿಲ್ಲ. ಅಕ್ಕ ಕೊಟ್ಟ ಮಾತಿನಂತೆ ಮತ್ತೆ ಯಾವುದನ್ನೂ ಮುಟ್ಟದೆ ಸ್ಟೂಲಿನ ಮೇಲೆ ಕೂತು ಬೈಯುವ ಕೆಲಸವನ್ನಷ್ಟೇ ಇಟ್ಟುಕೊಂಡರು. ಈ ವರ್ಷ ಹಾಸಿಗೆ ಹಿಡಿದ ಮೇಲೆ ಮಂಚವನ್ನು ಕೋಣೆಯ ಗೋಡೆಗೆ ಒತ್ತಿ ಹಾಕಿಸಿಕೊಂಡರು. ಸ್ಪಿಂಡಲ್ ತಿರುಗುವಾಗ ಗೋಡೆಯಲ್ಲಿ ಸದ್ದು ಬರುತ್ತದಂತೆ.

ಅವರು ಹೋದಾಗಲೂ ಮೇಜಿನ ಮೇಲೆ ಒಂದು ತಿರುಗುತ್ತಿತ್ತು. ಜಯಮ್ಮ ಕೂಗಿದ್ದು ಕೇಳಿ ದೇವಯ್ಯ ಸ್ವಿಚ್ ಆರಿಸಿ ಓಡಿದನಂತೆ. ಇನ್ನೊಂದು ಮೆಟ್ಟಿಲು ಏರಿದ್ದರೆ ಅದನ್ನು ಎಬ್ಬಿಸುವ ಕೆಲಸ ಮುಗಿಯುತ್ತಿತ್ತು.

ಮಣ್ಣು ಮಾಡಿದ್ದು ನಾಲೆಯ ಕೆಳಗಿನ ಅವರ ಜಮೀನಿನಲ್ಲೇ, ಧಾರಾಕಾರ ಮಳೆಯಲ್ಲಿ. ಸುತ್ತಲ ವರ್ಕ್‌ಶಾಪಿನವರೆಲ್ಲ ಶಟರ್ ಎಳೆದು ಬಂದಿದ್ದರು. ವಾಪಸ್ಸು ಬಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡ ಮೇಲೆ ಮನೆಯ ತುಂಬ ಒದ್ದೆ ಬಟ್ಟೆ. ಪಂಚೆ, ಸೀರೆ, ಟವೆಲು, ಎಲ್ಲಿ ನೋಡಿದರೂ ನೀರು ಸೋರುತ್ತಿತ್ತು. ನೆಂಟರಲ್ಲಿ ಹಿರಿಯರೊಬ್ಬರು ಕೋಣೆಯ ಬಾಗಿಲು ತೆರೆದು, ಬೆಚ್ಚಗಿನ ಗಾಳಿ ಮುಖಕ್ಕೆ ಹೊಡೆದದ್ದೇ, "ಓಹೋ, ಇಲ್ಲಿ ಒಳ್ಳೆ ಶಾಖ ಅದೆ! ಇಲ್ಲೇ ಒಂದು ಹಗ್ಗ ಕಟ್ರಪ್ಪ. ಹೆಂಗೂ ಇನ್ನು ಬೀಗ ಹಾಕೋ ಕೋಣೆ" ಎಂದರು. ಯಾರೋ ಹಗ್ಗ ತಂದರು. ದೇವಯ್ಯ ಗೋಡೆಗೆ ಒರಗಿ ನಿಂತಿದ್ದ. ಅವನದಲ್ಲದ ಮನೆ, ಏನು ಹೇಳಿಯಾನು?

ಜಯಮ್ಮ ಮೂಲೆಯಲ್ಲಿ ಕೂತಿದ್ದವರು ಎದ್ದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಗ್ಗ ಹಿಡಿದವನ ಕೈಯಿಂದ ಹಗ್ಗ ಕಿತ್ತುಕೊಂಡರು.

"ಇಲ್ಲಿ ಬ್ಯಾಡ. ಬಟ್ಟೇಲಿ ನೂಲಿರ್ತದೆ" ಎಂದರು.

ಆಮೇಲೆ ಒಣಗಿದ ಸೀರೆಯೊಂದನ್ನು ಉಟ್ಟು ಬಂದು, ಹೊಸ್ತಿಲಲ್ಲಿ ಹವಾಯಿ ಚಪ್ಪಲಿ ಬಿಟ್ಟು, ಇಷ್ಟು ವರ್ಷ ಕಾಲಿಡದ ಆ ಕೋಣೆಯೊಳಗೆ ಹೋದರು. ಅಕ್ಕನ ಸ್ಟೂಲನ್ನು ಎಳೆದು ಕೂತು, ಕೆಂಪಾದ ಕಣ್ಣಿಂದ ಬಾಗಿಲ ಕಡೆ ನೋಡಿದರು.

"ದೇವಯ್ಯ, ಅದನ್ನ ಮಧ್ಯಕ್ಕೆ ನಿಲ್ಸಿದ್ದೀಯಲ್ಲ. ಮೊದಲಿಂದ ಮಾಡ್ಬೇಕಲ್ವಾ?"

ದೇವಯ್ಯ ಚಪ್ಪಲಿ ಬಿಟ್ಟ.